ಗುಂಡನ ತಟ್ಟೆಯ ವಿಚಾರಣೆ

ಮಾನ್ವಿಯಲ್ಲಿ ಬಾಡಿಗೆ ಮನೆ ನೋಡಲು ಹೋದ ದಿನ ಅಕ್ಕಿ ಗಿರಣಿ ಇದ್ದ ಮನೆಯೊಡತಿ ಶರಣಮ್ಮ ನನಗೆ ಕೂರಲು ಹೇಳುವ ಮೊದಲೇ ಬುಟ್ಟಿಯಿಂದ ಕತ್ತು ಚಾಚಿದ್ದ ನನ್ನ ಬೆಕ್ಕನ್ನು ನೋಡಿ, "ಇದು ಏನ್ ತಿಂತದ ರೀ?" ಎಂದು ಕೇಳಿದರು. ಕೋರ್ಟಿನಲ್ಲಿ ಶೀಘ್ರಲಿಪಿಗಾರ್ತಿಯಾಗಿ ಇಷ್ಟು ವರ್ಷ ಎಷ್ಟೋ ವಿಚಾರಣೆಗಳನ್ನು ಬರೆದುಕೊಂಡಿದ್ದೇನೆ. ಬೆಕ್ಕಿನ ಊಟದ ವಿಚಾರಣೆ ಅದೇ ಮೊದಲು.

ನಾನು ಮೀನು ತಿನ್ನುವ ಸಂಗತಿ ಫೋನಿನಲ್ಲೇ ಇತ್ಯರ್ಥವಾಗಿತ್ತು. ಯಾವ ಊರು, ಯಾವ ಜನ ಎಂದೆಲ್ಲ ಕೇಳಿದ ಮೇಲೆ, "ನಮ್ಮದು ಲಿಂಗಪೂಜಿ ಮನಿ, ಒಳಗ ಮಾಡಂಗಿಲ್ಲ ನೋಡ್ರಿ" ಎಂದಿದ್ದರು. ಮಾಡುವುದಿಲ್ಲ ಎಂದೆ. ನಂಬಿದರು. ಅಂಕೋಲೆಯಲ್ಲಿ ಹುಟ್ಟಿದ ನಾನು ಹಾಗೆ ಮಾತು ಕೊಟ್ಟದ್ದೇ ದೊಡ್ಡದು ಎಂದು ನೀವೆಲ್ಲ ನಗಬಹುದು. ಆದರೆ ವರ್ಗಾವಣೆಯ ಆದೇಶ ಕೈಯಲ್ಲಿ ಹಿಡಿದವಳಿಗೆ ಬಂಗಡೆಗಿಂತ ಸೂರು ಮುಖ್ಯ. ಬೆಕ್ಕಿಗೆ ಏನು ಕೊಡುತ್ತೀರಿ ಎಂದಾಗ ಡಬ್ಬಿ ತೆಗೆದು ತೋರಿಸಿದೆ. ಕಂದು ಬಣ್ಣದ ಸಣ್ಣ ಸಣ್ಣ ಕಾಳುಗಳು. "ಬಿಸ್ಕೀಟ ಏನ? ಚಲೋ ಆತು" ಎಂದು ಅವರೇ ತೀರ್ಮಾನಿಸಿ ಬೀಗದ ಕೈ ಕೊಟ್ಟರು.

ಗುಂಡನಿಗೆ ಆರು ವರ್ಷ. ಅಂಕೋಲೆಯಲ್ಲಿ ಅವನ ಊಟಕ್ಕೆ ನಾವು ಯೋಚಿಸಿದ್ದೇ ಇಲ್ಲ. ಮೀನು ಮಾರುವವಳು ಬಾಗಿಲಿಗೆ ಬಂದರೆ ಅವನ ಪಾಲಿನ ತಲೆ ಅವನಿಗೆ ಬೀಳುತ್ತಿತ್ತು. ಇಲ್ಲಿಗೆ ಬರುವುದು ಖಚಿತವಾದಾಗ ಅಲ್ಲಿನ ಪಶುವೈದ್ಯರು ಒಣ ಆಹಾರ ಅಭ್ಯಾಸ ಮಾಡಿಸಿ ಎಂದರು. ಮರಿಗಳದ್ದು ಬೇಡ, ಬೆಳೆದ ಬೆಕ್ಕಿಗೆ ಬೊಜ್ಜು ಬರುತ್ತದೆ. ಒಂದೇ ರುಚಿಗೆ ಅಂಟಿಸಬೇಡಿ, ಅಂಗಡಿಯಲ್ಲಿ ಅದು ಸಿಗದ ದಿನ ಉಪವಾಸ ಕೂರುತ್ತಾನೆ. ಕೋಳಿಯದ್ದು, ಮೀನಿನದ್ದು ಎರಡೂ ಗೊತ್ತಿರಲಿ. ಬದಲಾಯಿಸುವಾಗ ಹಳೆಯದರಲ್ಲಿ ಹೊಸದನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ಬೆರೆಸಿ, ಇಲ್ಲದಿದ್ದರೆ ಹೊಟ್ಟೆ ಕೆಡುತ್ತದೆ. ನೀರು ಸದಾ ಪಕ್ಕದಲ್ಲಿರಲಿ. ಇಷ್ಟು ಪಾಠ ಕಲಿತು ಮಾನ್ವಿಗೆ ಬಂದೆ.

ತಂದದ್ದು ಮುಗಿಯತೊಡಗಿದಾಗ ನಿಜವಾದ ಪರದಾಟ ಶುರುವಾಯಿತು. ಬಸ್ ಸ್ಟ್ಯಾಂಡಿನ ಹತ್ತಿರ ಎಮ್ಮೆಗಳ ಹಿಂಡಿ, ಬೂಸಾ ಮಾರುವ ಅಂಗಡಿಯವರು ನಾಯಿ ಆಹಾರದ ಚೀಲ ತೋರಿಸಿದರು. ಬೆಕ್ಕಿನದು ಬೇಕು ಎಂದೆ. "ಎರಡಕ್ಕೂ ನಾಕ ಕಾಲ ಅದಾವಲ್ರಿ, ಇದನ್ನ ಹಾಕ್ರಿ" ಎಂದರು. ನಾಲ್ಕು ಕಾಲು ನೀವು ಕೂತ ಕುರ್ಚಿಗೂ ಇವೆ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಕೆಲಸದ ಮೇಲೆ ದೇವದುರ್ಗಕ್ಕೆ ಹೋದಾಗ ಅಲ್ಲಿಯೂ ವಿಚಾರಿಸಿದೆ. "ಬೆಕ್ಕಿಗಿ ಯಾರರ ಊಟ ಕೊಂಡು ಹಾಕ್ತಾರೇನ್ರಿ? ಹಸದ್ರ ಅದ ಇಲಿ ಹಿಡಿತದ" ಎಂದು ಅಂಗಡಿಯವರು ಬುದ್ಧಿ ಹೇಳಿದರು. ಸುತ್ತ ಅಕ್ಕಿ ಗಿರಣಿಗಳಿರುವ ಸೀಮೆಯಲ್ಲಿ ಬೆಕ್ಕು ಎಂದರೆ ಗೋದಾಮಿನ ಕೂಲಿಯಾಳು. ಹೊಟ್ಟೆ ತುಂಬಿಸಿದರೆ ಕೆಲಸ ಕೆಡುತ್ತದೆ ಎಂಬ ಲೆಕ್ಕ ಅವರದು.

ಕೊನೆಗೆ ಕಲ್ಲೂರಿನ ಮೇಲೆ ಹೋಗುವ ಬಸ್ಸು ಹಿಡಿದು ರಾಯಚೂರಿಗೆ ಹೋದೆ. ಅಲ್ಲಿಯ ಅಂಗಡಿಯಲ್ಲಿ ಒಂದು ಚೀಲ ಬಿಸಿಲಿಗೆ ಬಾಯ್ತೆರೆದು ಕೂತಿತ್ತು. ಮೂಗಿಗೆ ಹಿಡಿದರೆ ಕಮಟು ವಾಸನೆ. ಇನ್ನೊಂದು ಮರಿಗಳದ್ದು. ಹಟ ಹಿಡಿದು ಒಳಗೆ ಹುಡುಕಿಸಿದ ಮೇಲೆ ದೊಡ್ಡ ಬೆಕ್ಕಿನ, ಮೀನಿನ ರುಚಿಯ ಮೊಹರು ಒಡೆಯದ ಪಾಕೀಟು ಸಿಕ್ಕಿತು. ಅದನ್ನು ಮಡಿಲಲ್ಲಿ ಇಟ್ಟುಕೊಂಡು ಬರುವಾಗ, ಈ ಊರು ನನಗೆ ಕಡೆಗೂ ಒಗ್ಗಿತು ಎಂದು ಬೀಗಿದ್ದೆ.

ಆ ಪಾಕೀಟಿನ ಮೇಲೆ ನೀರಿನಿಂದ ಜಿಗಿಯುವ ಮೀನಿನ ಚಿತ್ರವಿತ್ತು. ಕಟ್ಟೆಯ ಮೇಲೆ ಕೂತಿದ್ದ ಶರಣಮ್ಮ ನೋಡಿಬಿಟ್ಟರು.

"ಇದರಾಗ ಮೀನ ಅದ ಏನ್ರಿ?"

ಇದೆ ಎಂದೆ. ನೀವು ಮೊದಲು ನೋಡಿದ ಡಬ್ಬಿಯಲ್ಲೂ ಕೋಳಿ ಇತ್ತು ಎಂದೆ. ಸುಳ್ಳು ಹೇಳುವ ಗರಜು ನನಗಿರಲಿಲ್ಲ. ನಿಮ್ಮ ಗಿರಣಿಯ ಬೆಕ್ಕು ದಿನವೂ ಇಲಿ ತಿನ್ನುವುದಿಲ್ಲವೇ ಎಂದೂ ಕೇಳಿದೆ.

ಅವರು ಸಿಟ್ಟಾಗಲಿಲ್ಲ. ಮಗುವಿಗೆ ತಿಳಿಹೇಳುವಂತೆ ಹೇಳಿದರು. "ಅದು ತಾನ ಹಿಡದು ತಿಂದ್ರ ಅದರ ಕರ್ಮ ಅದಕ್ಕ, ಯವ್ವಾ. ನೀ ಕೈಯಾಗ ಹಿಡಕೊಂಡು ಹೊಸ್ತಿಲ ದಾಟಿಸಿದ್ರ ಅದು ಮನಿಗಿ ಬರ್ತದ."

ಪಾಕೀಟು ಹೊರಗೇ ಉಳಿಯಿತು. ಅಂಗಳದಲ್ಲಿ ಬಡಿಸಿದರೆ ಇರುವೆಗಳು ಮುತ್ತುತ್ತಿದ್ದವು, ಈ ಬಿಸಿಲಿಗೆ ಮಧ್ಯಾಹ್ನದೊಳಗೆ ಕಾಳು ಕೆಡುತ್ತಿತ್ತು. ಶರಣಮ್ಮ ಹಾಲಿನಲ್ಲಿ ಜೋಳದ ರೊಟ್ಟಿ ಮುರಿದು ತಂದಿಟ್ಟರು. ಗುಂಡ ಹಾಲು ನೆಕ್ಕಿ ರೊಟ್ಟಿ ಬಿಟ್ಟ, ಆಮೇಲೆ ಕುಡಿದ ಹಾಲನ್ನೂ ಕಾರಿದ. ಗಿರಣಿಯಿಂದ ಬಂದ ಅವರ ಮಗ ಎಲ್ಲಿಂದಲೋ ಹಸಿರು ಚುಕ್ಕೆಯ ನಾಯಿ ಆಹಾರ ತಂದು, ಇದು ಪೂರಾ ಸಸ್ಯಾಹಾರಿ, ನಡೆಯುತ್ತದೆ ಎಂದರು. ನಡೆಯುವುದಿಲ್ಲ. ಬೆಕ್ಕಿಗೆ ಮಾಂಸದಿಂದಲೇ ಸಿಗಬೇಕಾದ ಸತ್ವವೊಂದಿದೆ, ಅದಿಲ್ಲದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಅವರ ಹಿರಿಯರು ಮಾಡಿದ ನೇಮ ಅವರದು, ನಾನು ಕೊಟ್ಟ ಮಾತು ನನ್ನದು. ಗುಂಡ ಯಾರಿಗೆ ಏನು ಮಾತು ಕೊಟ್ಟಿದ್ದ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಇಲ್ಲಿ ಪ್ರಾಣಸಂಕಟ ಬೆಕ್ಕಿಗೇ ಬಂದಿತ್ತು. ಎತ್ತಿಕೊಂಡರೆ ಬೆನ್ನಿನ ಮೂಳೆ ಕೈಗೆ ತಾಗುತ್ತಿತ್ತು.

ಕೋರ್ಟಿನಲ್ಲಿ ನನ್ನ ಪಕ್ಕದ ಮೇಜಿನ ಗುಮಾಸ್ತೆ ಶೋಭಾ ಕಲ್ಲೂರಿನವಳು. ಕೂಲಿ ಮಾಡಿ ಮಕ್ಕಳನ್ನು ಓದಿಸಿದ ಬೌದ್ಧರಾದ ದಲಿತ ಕುಟುಂಬದ ಹುಡುಗಿ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅವಳ ಮುಂದೆ ನನ್ನ ಸಿಟ್ಟನ್ನೆಲ್ಲ ಕಾರಿದೆ. ಒಂದು ಮೂಕ ಪ್ರಾಣಿಯ ತಟ್ಟೆಯಲ್ಲಿ ಏನಿದೆ ಎಂದು ಇಣುಕುವುದು ಎಂಥ ಊರಿನ ರೀತಿ ಎಂದು ಕೇಳಿದೆ. ಅವಳು ರೊಟ್ಟಿ ಮುರಿಯುತ್ತಾ ಕೇಳಿಸಿಕೊಂಡಳು.

"ಯಾರ ಮನಿ ಅಕ್ಕಾರ? ಗಿರಣಿ ಶರಣಮ್ಮಾರದಾ?"

ಹೌದು ಎಂದೆ.

"ಆ ಮನಿ ನಾವೂ ಬಾಡಿಗಿಗಿ ಕೇಳಿದ್ವಿ. ಮದುವಿ ಆದ ಹೊಸದಾಗಿ. ನಾವು ಮನ್ಯಾಗ ಮಾಡಂಗಿಲ್ರಿ, ತಿನ್ನಂಗಿಲ್ರಿ ಅಂತ ನಮ್ಮನಿಯವ್ರು ಕೈ ಮುಗದು ಹೇಳಿದ್ರು. ಊರ ಹೆಸರು, ಅಪ್ಪನ ಹೆಸರು ಕೇಳಿದ್ರು. ಖಾಲಿ ಇಲ್ಲ ಅಂದ್ರು." ಚಟ್ನಿಪುಡಿಯ ಡಬ್ಬಿಯನ್ನು ನನ್ನ ಕಡೆ ಸರಿಸಿದಳು. "ಅದು ಖಾಲಿನ ಇತ್ತು, ಅಕ್ಕಾರ. ನೀವು ಬರೋ ತನಕ."

"ನಿಮ್ಮ ಬೆಕ್ಕ ತಿಂತಿತ್ತು, ಆದ್ರೂ ಮನಿ ಸಿಕ್ತು ನೋಡ್ರಿ" ಎಂದಳು. ಅವಳ ದನಿಯಲ್ಲಿ ಕುಹಕ ಇರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ಇಷ್ಟು ದಿನ ನಾನು ಬೆಕ್ಕಿನ ಪರವಾಗಿ ಕೂಗಾಡುತ್ತಿದ್ದೆ. ಆ ಮನೆಯಲ್ಲಿ ತಟ್ಟೆಯ ಪ್ರಶ್ನೆ ಕೇಳುತ್ತಿದ್ದುದೇ ತಟ್ಟೆಗಾಗಿ ಅಲ್ಲ.

ಸಂಜೆ ಹೋಗಿ ಶರಣಮ್ಮನವರನ್ನೇ ಕೇಳಿದೆ. ಮಾಂಸ ಮಾಡುವುದಿಲ್ಲ ಎಂದು ನಾನು ಹೇಳಿದೆ, ನಂಬಿದಿರಿ. ಶೋಭಾಳ ಮನೆಯವರೂ ಅದನ್ನೇ ಹೇಳಿದರಲ್ಲ, ಅವರನ್ನು ಯಾಕೆ ನಂಬಲಿಲ್ಲ? ಅಕ್ಕಿ ಆರಿಸುತ್ತಿದ್ದ ಅವರ ಕೈ ಮೊರದ ಮೇಲೆ ನಿಂತಿತು. "ಅದು ಬ್ಯಾರೆ ಮಾತ ಬಿಡವ್ವಾ" ಎಂದರು. ಮತ್ತೆ ಅಕ್ಕಿ ಆರಿಸತೊಡಗಿ, "ಬೆಕ್ಕಿನ ಪಾಕೀಟ ಬೇಕಾದ್ರ ಒಳಗ ಇಟ್ಕೋ, ನಾ ನೋಡಿಲ್ಲ ಅಂತ ತಿಳಕೋತೀನಿ" ಎಂದರು. ನನಗೆ ಬೇಕಾಗಿದ್ದ ರಿಯಾಯಿತಿ ಅದೇ. ಗುಂಡ ಕಾಲಿಗೆ ಸುತ್ತುತ್ತಿದ್ದ. ಆದರೂ ಅದನ್ನು ತೆಗೆದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಮನೆ ಬಿಡುತ್ತೇನೆ ಎಂದೆ.

ಈಗ ಇರುವುದು ಶೋಭಾಳ ಓಣಿಯಲ್ಲಿ. ತಗಡಿನ ಚಾವಣಿ, ನೀರು ಎರಡು ದಿನಕ್ಕೊಮ್ಮೆ. ಕಾಳುಗಳನ್ನು ಸ್ಟೀಲ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ, ತಂಪು ಮೂಲೆಯಲ್ಲಿಟ್ಟಿದ್ದೇನೆ. ಸಣ್ಣ ಪಾಕೀಟುಗಳನ್ನೇ ತರುತ್ತೇನೆ, ಮೀನಿನದು ಮುಗಿಯುವ ಮೊದಲೇ ಕೋಳಿಯದನ್ನು ಬೆರೆಸತೊಡಗುತ್ತೇನೆ. ಗುಂಡ ಮತ್ತೆ ಮೈ ತುಂಬಿಕೊಂಡಿದ್ದಾನೆ. ಭಾನುವಾರ ನಾನೂ ಕಾಲುವೆಯ ಮೀನು ತಂದು ಸಾರು ಮಾಡುತ್ತೇನೆ. ಅದಕ್ಕೆ ನಮ್ಮ ಸಮುದ್ರದ ರುಚಿ ಇಲ್ಲ, ಆದರೂ ಶೋಭಾ ಎರಡು ಸಲ ಬಡಿಸಿಕೊಳ್ಳುತ್ತಾಳೆ.

ಊರು ಬಿಟ್ಟವಳಿಗೆ ಹೊಸ ಊರಿನ ಮೇಲೆ ಸಿಟ್ಟು ಬಂದರೆ ಹಳೆಯ ಊರು ಚಂದ ಕಾಣುತ್ತದೆ. ನನಗೂ ಕಂಡಿತ್ತು. ನಮ್ಮಲ್ಲಿ ಹೀಗಿಲ್ಲ, ಅಂಕೋಲೆಯಲ್ಲಿ ಯಾರ ತಟ್ಟೆಯನ್ನೂ ಯಾರೂ ಇಣುಕುವುದಿಲ್ಲ ಎಂದು ಶೋಭಾಳ ಮುಂದೆ ಕೊಚ್ಚಿಕೊಂಡಿದ್ದೆ. ಕಳೆದ ವಾರ ಅಕ್ಕ ಫೋನ್ ಮಾಡಿದಳು. ನಮ್ಮ ಮನೆಯ ಮಹಡಿಗೆ ಬಾಡಿಗೆಯವರು ಬಂದಿದ್ದಾರೆ, ಒಳ್ಳೆಯ ಜನ ಎಂದಳು.

ಒಳ್ಳೆಯವರು ಎಂದು ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಯಾರ ಪೈಕಿ ಅಂತ ಕೇಳ್ದೇ ಯಾರಾದ್ರೂ ಮನೆ ಕೊಡ್ತಾರೇನೇ? ಅದ್ಕೂ ಮೊದ್ಲು ಇಬ್ರು ಬಂದಿದ್ರು. ಖಾಲಿ ಇಲ್ಲ ಅಂದೆ."

ಶೋಭಾ ಆಗ ನನ್ನ ಹೊಸ್ತಿಲಲ್ಲೇ ಕೂತು ಗುಂಡನಿಗೆ ಕಾಳು ಹಾಕುತ್ತಿದ್ದಳು. ಫೋನಿನ ದನಿ ಅವಳಿಗೂ ಕೇಳಿತ್ತು. ತಲೆ ಎತ್ತಲಿಲ್ಲ.

"ನಿಮ್ಮ ಅಕ್ಕಾರ ಏನಂತಾರ?" ಎಂದಷ್ಟೇ ಕೇಳಿದಳು.

ರಜೆಗೆ ಊರಿಗೆ ಯಾವಾಗ ಬರುತ್ತೀ ಎಂದು ಕೇಳುತ್ತಿದ್ದಾಳೆ ಎಂದೆ. ಅಕ್ಕ ನಿಜವಾಗಿಯೂ ಅದನ್ನೇ ಕೇಳುತ್ತಿದ್ದಳು.