ಎಮ್ಯಾನುವೆಲ್ ಭಾವನ ಗುದ್ದು

ನನ್ನ ಮುಂದಿನ ಎರಡು ಹಲ್ಲು ಕಟ್ಟಿಸಿದವು. ಅಸಲಿ ಹಲ್ಲು ಉದುರಿಸಿದವರು ನನ್ನ ಅಕ್ಕ ನೋರಾಳ ಗಂಡ, ಎಮ್ಯಾನುವೆಲ್ ಭಾವ.

ಭಾವ ಹತ್ತನೇ ವಯಸ್ಸಿಗೆ ಉಡುಪಿಯ ಶಿರ್ವದಿಂದ ಲಂಡನ್ನಿನ ವೆಂಬ್ಲಿಗೆ ಬಂದವರು. ಶಾಲೆಯಲ್ಲಿ ದಿನಾ ಪೆಟ್ಟು ತಿಂದರು. ಎಂಬತ್ತರ ದಶಕದ ಕೊನೆಗೆ ಅವರ ಕಾಲೇಜಿನಲ್ಲಿ ಅಮೆರಿಕನ್ ಫುಟ್‌ಬಾಲಿನ ಮೊದಲ ತಂಡ ಕಟ್ಟಿದಾಗ ಓಡಿಹೋಗಿ ಹೆಸರು ಕೊಟ್ಟರು. ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬಿದ್ದು ಚೆಂಡು ಕಸಿಯುವ ಆಟ ಅದು. "ಹೊರಗೆ ಹೊಡೆದರೆ ಪೊಲೀಸ್ ಬರ್ತಾನೆ, ಇಲ್ಲಿ ಹೊಡೆದರೆ ಚಪ್ಪಾಳೆ ಮಾರಾಯ," ಎನ್ನುತ್ತಿದ್ದರು. ಅವರ ಹೆಗಲ ಮೂಳೆ ಎರಡು ಸಲ ಮುರಿಯಿತು. ಒಬ್ಬನ ದವಡೆಯನ್ನು ಅವರೂ ಮುರಿದರು. ಆಮೇಲೆ ಮೂವತ್ತು ವರ್ಷ ಅದೇ ತಂಡದ ಕೋಚ್. ವಾಂತಿ ಮಾಡಿಕೊಂಡವನಿಗೂ ನೀರು ಕುಡಿಸಿ ಮತ್ತೆ ಮೈದಾನಕ್ಕೆ ಅಟ್ಟುತ್ತಿದ್ದರು. ನನಗಂತೂ ಅದು ಆಟವೇ ಅಲ್ಲ, ಸಮವಸ್ತ್ರ ಹಾಕಿದ ಜಗಳ.

ಕಳೆದ ಆಗಸ್ಟಿನ ಬ್ಯಾಂಕ್ ಹಾಲಿಡೇ ಸೋಮವಾರ ಅವರ ಮಗ ಮಾರ್ಕ್‌ನ ಮದುವೆ. ಅದಕ್ಕೆ ಮುಂಚಿನ ಶನಿವಾರ ಆ ಕಾಲೇಜು ತಂಡದ ಹಳೇ ವಿದ್ಯಾರ್ಥಿಗಳ ಪಂದ್ಯ, ಮಾರ್ಕ್ ಕೂಡ ಅದರಲ್ಲಿ ಆಡಬೇಕಿತ್ತು. ಮದುಮಗನನ್ನು ಆಡಿಸಬೇಡಿ ಎಂದು ನೋರಾ ಗೋಗರೆದಳು. ಭಾವ ಕೇಳಲಿಲ್ಲ, ಮಾರ್ಕೂ ಕೇಳಲಿಲ್ಲ.

ಭಾನುವಾರ ಮಧ್ಯಾಹ್ನ ಹ್ಯಾರೋದಲ್ಲಿರುವ ಭಾವನ ಮನೆಯ ಹಿತ್ತಿಲಲ್ಲಿ ರೋಸ್. ಮದುವೆಯ ಮುನ್ನಾದಿನ ಮದುಮಗನ ತಲೆಗೆ ತೆಂಗಿನ ಹಾಲು ಹುಯ್ಯುವ ಶಾಸ್ತ್ರ ಅದು. ಒಮ್ಮೆ ಹಾಲು ಬಿತ್ತೆಂದರೆ ಮದುವೆಗೆ ಹೊರಡುವವರೆಗೆ ಅವನು ಮನೆ ದಾಟಬಾರದು. ಹಿರಿಯರು ಹಾಲು ಹುಯ್ದರು, ಹೆಂಗಸರು ಹಾಡಿದರು. ಆಮೇಲೆ ನಮ್ಮ ಗಲಾಟೆ, ತಲೆಯ ಮೇಲೆ ಮೊಟ್ಟೆ ಒಡೆಯುವುದು. ಇಬ್ಬರು ಫಟ್ ಫಟ್ ಎಂದು ಒಡೆದರು. ಮಾರ್ಕ್ ನಗಲಿಲ್ಲ, ವಾಲಿಕೊಂಡ. ನಾಚಿಕೆ ಎಂದುಕೊಂಡು ನಾವೇ ನಕ್ಕೆವು. ಸೋದರಮಾವನ ಪೆಟ್ಟು ಜೋರಾಗಿಯೇ ಇರಲಿ ಎಂದು ನಾನು ಕೈಯೆತ್ತಿದೆ.

ಅಷ್ಟರಲ್ಲಿ ಭಾವನ ಮುಷ್ಟಿ ನನ್ನ ಬಾಯಿಗೆ ಬಿತ್ತು. ನಾನು ಹಾಲಿನ ಪಾತ್ರೆಯ ಮೇಲೆ ಬಿದ್ದೆ. ಬಾಯಿ ತುಂಬ ರಕ್ತ. ಮೊಟ್ಟೆ ಹಿಡಿದು ಬಂದ ಮತ್ತೊಬ್ಬನನ್ನು ಅವರು ಬೇಲಿಗೆ ಅಪ್ಪಳಿಸಿದರು. "ಕಣ್ಣು ನೋಡಿ ಅವನದ್ದು! ಒಂದು ಪಾಪೆ ದೊಡ್ಡ ಆಗಿದೆ!" ಎಂದು ಕೂಗಿದರು.

"ಐಯಾಮ್ ಫೈನ್, ಡ್ಯಾಡ್," ಎಂದು ತೊದಲಿದ ಮಾರ್ಕ್ ಸ್ಟೂಲಿನಿಂದ ಕುಸಿದ.

ಭಾವ ಅವನನ್ನು ಹೆಗಲಿಗೆ ಹಾಕಿಕೊಂಡರು. ಬಾಗಿಲಲ್ಲಿ ಅವರ ದೊಡ್ಡಮ್ಮ ಅಡ್ಡ ನಿಂತರು. "ರೋಸ್ ಆದ ಮೇಲೆ ಮದುಮಗನನ್ನು ಹೊರಗೆ ಕೊಂಡುಹೋಗುದಾ? ಡಾಕ್ಟ್ರನ್ನೇ ಇಲ್ಲಿಗೆ ಕರಿ." ಎಂಬತ್ತು ದಾಟಿದ ಆ ಮುದುಕಿಯನ್ನೂ ಭಾವ ಭುಜದಿಂದ ನೂಕಿದರು. ಆಕೆಯ ಕೈ ಮುರಿದ ಸದ್ದು ನನಗೆ ಕೇಳಿಸಿತು.

ಆಸ್ಪತ್ರೆಯಲ್ಲಿ ಹಾಲು, ಮೊಟ್ಟೆ, ರಕ್ತ ಮೆತ್ತಿಕೊಂಡ ನಮ್ಮನ್ನು ನೋಡಿ ಡಾಕ್ಟರಮ್ಮ ಮೊದಲು ಕೇಳಿದ್ದು, ಇವನಿಗೆ ಹೊಡೆದವರು ಯಾರು ಎಂದು.

ಭಾವ ಮರೆಮಾಚಲಿಲ್ಲ. ಶನಿವಾರ ಆಟದ ನಡುವೆ ಮಾರ್ಕ್‌ಗೆ ತಲೆಗೆ ಬಲವಾದ ಪೆಟ್ಟು ಬಿದ್ದಿತ್ತು. ಚೆಂಡು ಎರಡೆರಡು ಕಾಣುತ್ತಿದೆ ಎಂದು ಅವನು ಹೊರಗೆ ಬಂದಿದ್ದ. ಭಾವ ಹೆಲ್ಮೆಟ್ಟಿಗೆ ಒಂದು ಬಾರಿಸಿ, ಎರಡರಲ್ಲಿ ಒಂದನ್ನು ಹಿಡಿ ಎಂದು ಮತ್ತೆ ಒಳಗೆ ಕಳಿಸಿದ್ದರು. ಅಲ್ಲಿ ಇನ್ನೊಂದು ಪೆಟ್ಟು ಬಿದ್ದಿತ್ತು. ಇದನ್ನೆಲ್ಲ ನೋರಾ ಅಲ್ಲೇ, ಆಗಲೇ ಮೊದಲ ಬಾರಿ ಕೇಳಿದಳು.

ತಲೆಬುರುಡೆ ತೆರೆದು ಹೆಪ್ಪುಗಟ್ಟಿದ ರಕ್ತ ತೆಗೆದರು. ಮಾರ್ಕ್ ಬದುಕಿದ. ಅರ್ಧ ಗಂಟೆ ತಡವಾಗಿದ್ದರೂ ಉಳಿಯುತ್ತಿರಲಿಲ್ಲವಂತೆ. ಅಪ್ಪನೇ ಮಗನನ್ನು ಉಳಿಸಿದ ಎಂದು ನೆಂಟರೆಲ್ಲ ಹೊಗಳಿದರು. ಉಬ್ಬಿದ ತುಟಿಯಲ್ಲಿ ನಾನೂ ಹೊಗಳಿದೆ.

ಭಾವ ನೋರಾಳ ಮುಖ ನೋಡಿದರು.

"ಊರು ಹಾಗೆ ಹೇಳಲಿ," ಎಂದಳು ಅವಳು. "ನಾನು ಮಾತ್ರ ಸಾಯುವವರೆಗೆ ಹಾಗೆ ಹೇಳುದಿಲ್ಲ."