ಮೆರವಣಿಗೆಗೆ ಒಗ್ಗದ ಕ್ಯಾಮ್

ನನ್ನನ್ನು ಚನ್ನಗಿರಿಯಿಂದ ಜಗಳೂರಿಗೆ ಕೊಡುವುದೆಂದು ನಿಶ್ಚಯವಾದ ದಿನ ಅವ್ವ ಅತ್ತಳು. ಹೊನ್ನಾಳಿಗೋ ನ್ಯಾಮತಿಗೋ ಕೊಟ್ಟಿದ್ದರೆ ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದಿತ್ತು ಎಂಬುದು ಅವಳ ಲೆಕ್ಕ. ಬಾಡಿಗೆ ಕಾರು ಓಡಿಸುತ್ತಿದ್ದ ಅಣ್ಣ ಮಾತ್ರ, "ದೂರ ಅಂತ ಏನಿಲ್ಲವ್ವ, ಗಾಡಿ ಓಡಬೇಕು ಅಷ್ಟೆ" ಎಂದ. ಅವನಿಗೆ ಎಲ್ಲ ದುಃಖದ ಮದ್ದೂ ಬಾನೆಟ್ಟಿನ ಕೆಳಗೇ ಇರುತ್ತಿತ್ತು.

ಮದುವೆಗೆ ಮುಂಚೆ ದಾವಣಗೆರೆಯಿಂದ ಹೊಸ ಕ್ಯಾಮ್ ಶಾಫ್ಟ್ ತಂದ. ಅಡುಗೆಮನೆಯ ಹೊಸ್ತಿಲ ಬಳಿ ಕೂತು ನನಗೆ ತೋರಿಸಿದ. ಉದ್ದನೆಯ ಉಕ್ಕಿನ ದಂಡ, ಅದರ ಮೇಲೆ ಸಾಲಾಗಿ ಉಬ್ಬುಗಳು. ಉಬ್ಬು ತಿರುಗಿದಾಗ ವಾಲ್ವು ತೆರೆಯುತ್ತದಂತೆ. ಉಬ್ಬು ದೊಡ್ಡದಾದರೆ ಇಂಜಿನ್ನು ಹೆಚ್ಚು ಉಸಿರೆಳೆದು ಜೋರಾಗಿ ಓಡುತ್ತದಂತೆ. ಅಂಗಡಿಯವನು ಸಾಧಾರಣದ್ದೊಂದನ್ನೂ ಮುಂದಿಟ್ಟು, "ಊರಾಗೆ ಓಡಾಡೋ ಗಾಡಿಗೆ ಇದೇ ಸಾಕ್ರಿ. ದೊಡ್ಡದು ಹಾಕಿದ್ರೆ ನಿಧಾನಕ್ಕೆ ಹೋಗುವಾಗ ಬಂದ್ ಬೀಳ್ತೈತೆ" ಎಂದಿದ್ದನಂತೆ. ಅಣ್ಣ ದೊಡ್ಡದನ್ನೇ ತಂದಿದ್ದ.

"ನೀನು ಬಾ ಅಂದ್ರೆ ನಿಧಾನಕ್ಕೆ ಯಾವನು ಬರ್ತಾನೆ?" ಎಂದ.

ಮದುವೆಯ ಸಂಜೆ ಮದುಮಕ್ಕಳ ಮೆರವಣಿಗೆಗೆ ಅವನದೇ ಕಾರು. ಮೆರವಣಿಗೆಯೆಂದರೆ ನಿಧಾನಕ್ಕೇ ಹೋಗಬೇಕೆಂಬುದು ಅದಕ್ಕೆ ಹೂವು ಕಟ್ಟುವಾಗಲೂ ಯಾರಿಗೂ ಹೊಳೆದಿರಲಿಲ್ಲ. ಮುಂದೆ ಕುಣಿಯುವ ಹುಡುಗರು, ನಡುವೆ ಬ್ಯಾಂಡು, ಹಿಂದೆ ಆಮೆ ನಡಿಗೆಯಲ್ಲಿ ನಾವು. ಬಸ್ ಸ್ಟ್ಯಾಂಡ್ ದಾಟುವುದರೊಳಗೆ ಕಾರು ಗಡಗಡ ನಡುಗಿ ನಿಂತಿತು. ಅಣ್ಣ ಚಾಲೂ ಮಾಡಿದ, ಮತ್ತೆ ನಿಂತಿತು. ಆಕ್ಸಿಲರೇಟರ್ ತುಳಿದು ಹಿಡಿದರೆ ಸೈಲೆನ್ಸರ್ ಪಟಪಟ ಸಿಡಿದು ಬ್ಯಾಂಡೇ ಕೇಳದಂತಾಯಿತು. ಗಂಡಿನ ಸೋದರತ್ತೆ ಕಿಟಕಿಗೆ ಬಾಗಿ, "ಮದುಮಕ್ಕಳ ಗಾಡಿ ಹಿಂಗೆ ನಿಲ್ಲಬಾರದ್ರಿ, ಶಕುನ ಚಲೋ ಅಲ್ಲ" ಎಂದರು. ಕನ್ನಡಿಯಲ್ಲಿ ಅಣ್ಣನ ಬೆವೆತ ಮುಖ ಕಂಡಿತು. ನನಗೆ ನಾಚಿಕೆ, ಅವನ ಮೇಲೆ ಕೆಟ್ಟ ಸಿಟ್ಟು.

"ಏನಾಗೈತೆ?" ಎಂದು ಗಂಡ ಮೆಲ್ಲಗೆ ಕೇಳಿದರು.

"ನಿಮ್ಮೂರಿಗೆ ಬೇಗ ಬರಾಕೆ ಅಂತ ಓಡೋ ಕ್ಯಾಮ್ ಹಾಕ್ಯಾನೆ. ನಿಧಾನಕ್ಕೆ ಹೋಗಾಕೆ ಬರಲ್ಲ ಅದಕ್ಕೆ."

ನಾನು ಅವರೊಡನೆ ಆಡಿದ ಮೊದಲ ಮಾತು ಇದು. ಅವರು ತುಸು ಯೋಚಿಸಿ, ಬ್ಯಾಂಡಿನವರನ್ನು ಕರೆದು ಜೋರಾಗಿ ನಡೆಯಲು ಹೇಳಿದರು. ಇಡೀ ಮೆರವಣಿಗೆ ಓಡುನಡಿಗೆಯಲ್ಲಿ ಊರು ಸುತ್ತಿತು. ಸೋದರತ್ತೆಗೆ ಏದುಸಿರು ಹತ್ತಿ ಶಕುನದ ಮಾತು ಅಲ್ಲಿಗೇ ನಿಂತಿತು.

ಶ್ರಾವಣದ ಪಂಚಮಿಗೆ ತವರಿಗೆ ಕರೆದೊಯ್ಯಲು ಅಣ್ಣ ಬರುವವನಿದ್ದ. ರೊಟ್ಟಿ ಬಡಿಯುತ್ತಲೇ ಆ ಪಟಪಟ ಸದ್ದಿಗೆ ಕಿವಿಗೊಟ್ಟಿದ್ದೆ. ಕಾರು ಸದ್ದಿಲ್ಲದೆ ಬಂದು ಬಾಗಿಲಲ್ಲಿ ನಿಂತಿತ್ತು.

"ಹಳೇದೇ ಹಾಕ್ದೆ. ನಮಗೆ ಬರೋ ಬಾಡಿಗೆಯೆಲ್ಲ ಮೆರವಣಿಗೆದೇ ಅಲ್ವೇನೆ" ಎಂದ, ನನ್ನ ಮುಖ ನೋಡದೆ.

ಜಗಳೂರು ಮತ್ತೆ ದೂರವಾಯಿತು ಎನಿಸಿತು. ಆಮೇಲೆ ನೋಡಿದರೆ ಬೆಳಗಿನ ಮೊದಲ ರೊಟ್ಟಿ ಇನ್ನೂ ಹಂಚಿನ ಮೇಲೇ ಇತ್ತು.

"ಹಂಗಾರೆ ಇಷ್ಟು ಬೇಗ ಹೆಂಗೆ ಬಂದಿ?"

"ಕೋಳಿ ಕೂಗೋಕೆ ಮುಂಚೆ ಹೊರಟೆ" ಎಂದ ಅಣ್ಣ.