ನಾಂದಿ ಮುಗಿಯುವ ತನಕ

ಆ ಕ್ಯಾರವಾನ್ ತಂದದ್ದೇ ಅಕ್ಕನಿಗೋಸ್ಕರ. ತಿರುವನಂತಪುರದಲ್ಲಿ ಅಣ್ಣನ ಮಗಳ ಮದುವೆಯಿತ್ತು. ಅಕ್ಕನಿಗೆ ಸೊಂಟನೋವು, ರೈಲಿನಲ್ಲಿ ಕೂರಲಾರಳು, ವಿಮಾನವೆಂದರೆ ಪ್ರಾಣಭಯ. ನಮ್ಮ ಯಜಮಾನರ ಸ್ನೇಹಿತರೊಬ್ಬರು ಟೆಂಪೊ ಟ್ರಾವೆಲರ್‌ನ ಸೀಟುಗಳನ್ನೆಲ್ಲ ಕಿತ್ತುಹಾಕಿ, ಎರಡು ಮಂಚ, ಒಂದು ಒಲೆ, ಬೀರುವಿನಷ್ಟೇ ಅಗಲದ ಒಂದು ಬಚ್ಚಲು ಇಟ್ಟು ಮಾಡಿಸಿಕೊಂಡಿದ್ದ ಗಾಡಿ ಅದು. ಮಲಗಿಕೊಂಡೇ ಹೋಗಬಹುದು ಅಂದಾಗ ಅಕ್ಕ ಒಪ್ಪಿದಳು. ಒಪ್ಪಿದ್ದಷ್ಟೇ ಅಲ್ಲ, ದಾರಿಯನ್ನೂ ತಾನೇ ಗೊತ್ತುಮಾಡಿದಳು. ಗೂಡಲೂರು, ಊಟಿ, ಮುನ್ನಾರ್, ಆಮೇಲೆ ಕೊಚ್ಚಿ. ಭೂಗೋಳದ ಟೀಚರಾಗಿದ್ದವಳು. "ಪಶ್ಚಿಮ ಘಟ್ಟ ಅಂತ ಬೋರ್ಡ್ ಮೇಲೆ ಗೀಚಿ ಗೀಚಿ ಸಾಕಾಗಿದೆ ಕಣೆ. ಒಂದು ಸಲ ಕಣ್ಣಾರೆ ತೋರಿಸ್ಬಿಡಿ," ಅಂದಿದ್ದಳು.

ಹೊರಡುವ ಹಿಂದಿನ ದಿನ ಅವಳಿಗೆ ಜ್ವರ ಬಂತು. ಡಾಕ್ಟರು ನೋಡಿ, ಏನೂ ಗಾಬರಿಯಿಲ್ಲ, ವಿಶ್ರಾಂತಿ ತಗೊಳ್ಳಲಿ ಅಂದರು. ನಾವು ನಿಲ್ಲುತ್ತೇವೆ ಅಂದದ್ದಕ್ಕೆ ಅಕ್ಕ ರೇಗಿದಳು. "ಆ ಗಾಡಿ ನಿಲ್ಲಿಸಿದ್ರೆ ನಿನ್ನ ಜೊತೆ ಮಾತೇ ಆಡಲ್ಲ. ನೀವು ನಡೀರಿ. ಜ್ವರ ಇಳಿದ್ರೆ ನಿನ್ನ ಮಗನ ಜೊತೆ ಕಾರಲ್ಲಿ ಮಲಗ್ಕೊಂಡು ಬರ್ತೀನಿ." ಅವಳು ರೇಗಿದರೆ ನಾವು ಯಾರೂ ಎದುರು ಮಾತಾಡುವವರಲ್ಲ. ಅಮ್ಮ ತೀರಿಕೊಂಡಾಗ ನಾನಿನ್ನೂ ತೊಟ್ಟಿಲಲ್ಲಿದ್ದೆ, ಅಣ್ಣ ಆಗಷ್ಟೇ ಶಾಲೆಗೆ ಸೇರಿದ್ದ. ನಮ್ಮಿಬ್ಬರನ್ನೂ ಸಾಕಿದ್ದು ಅಕ್ಕ. ತಾನು ಮದುವೆಯಾಗಲಿಲ್ಲ, ಯಾಕೆ ಅಂತ ಯಾರಿಗೂ ಹೇಳಲೂ ಇಲ್ಲ.

ಮುನ್ನಾರಿನಿಂದ ಹೊರಟ ಬೆಳಗ್ಗೆ, ಚಹಾ ತೋಟಗಳ ನಡುವೆ ಇಳಿಯುತ್ತಿದ್ದಾಗ, ನನ್ನ ಫೋನಿಗೆ ಸಿಗ್ನಲ್ ಸಿಕ್ಕಿತು. ಸಿಕ್ಕ ಕೂಡಲೇ ಹೊಡೆದುಕೊಂಡಿತು. ಮೈಸೂರಿನಿಂದ ಮಗ. "ಅಮ್ಮ, ಗಾಡಿ ಸೈಡಿಗೆ ಹಾಕೋಕೆ ಹೇಳು," ಅಂದ. ಅಷ್ಟರಲ್ಲೇ ನನಗೆ ತಿಳಿಯಿತು. ಹಿಂದಿನ ದಿನ ಅಕ್ಕನಿಗೆ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಿದ್ದನಂತೆ. ನಮಗೆ ಎಷ್ಟು ಸಲ ಫೋನ್ ಮಾಡಿದರೂ ಸಿಕ್ಕಿರಲಿಲ್ಲ. ನಸುಕಿನಲ್ಲಿ ಅಕ್ಕ ಹೋಗಿಬಿಟ್ಟಿದ್ದಳು.

ನಾನು ಅಳುವುದಕ್ಕೂ ಬಿಡದೆ ಮಗ ಇನ್ನೊಂದು ಮಾತು ಹೇಳಿದ. "ದೊಡ್ಡಮ್ಮ ನನ್ನ ಕೈ ಹಿಡ್ಕೊಂಡು ಹೇಳಿದ್ರು ಅಮ್ಮ. ನಾಂದಿ ಆಗೋ ತನಕ ಮಾವನ ಕಿವಿಗೆ ಹಾಕ್ಬೇಡಿ ಅಂತ. ಸಂಜೆ ತಗೊಂಡು ಹೋಗ್ತೀವಿ. ಕಾರ್ಯ ನಾನೇ ಮಾಡ್ತೀನಿ."

ನಮ್ಮವರಲ್ಲಿ ಪದ್ಧತಿ ಹಾಗೆ. ಸಾವು ಎಂದು ಆದರೂ, ಅದು ಕಿವಿಗೆ ಬಿದ್ದ ಮೇಲೆಯೇ ಸೂತಕ. ಮದುವೆಯ ಮೊದಲ ಶಾಸ್ತ್ರವಾದ ನಾಂದಿಗೆ ಮುಂಚೆ ಹುಡುಗಿಯ ತಂದೆಗೆ ಅಂಥ ಸುದ್ದಿ ತಿಳಿಯಿತೋ, ಮದುವೆ ನಿಲ್ಲಬೇಕು. ನಾಂದಿ ಆಗಿಬಿಟ್ಟರೆ ಎಲ್ಲ ಮುಗಿಯುವ ತನಕ ಯಾವ ಸೂತಕವೂ ಮುಟ್ಟುವುದಿಲ್ಲ. ಅಣ್ಣನ ಮನೆಯ ನಾಂದಿ ಮಾರನೆಯ ಬೆಳಗ್ಗೆ. ಅವನ ಮಗಳಿಗೆ ಮೂವತ್ತು ದಾಟಿತ್ತು, ಒಂದು ಸಂಬಂಧ ನಿಶ್ಚಿತಾರ್ಥವಾದ ಮೇಲೆ ಮುರಿದಿತ್ತು. ಈ ಹುಡುಗ ಸರಕು ಹಡಗಿನ ಎಂಜಿನಿಯರ್. ಮದುವೆಯಾದ ವಾರದಲ್ಲೇ ಹಡಗು ಹತ್ತಬೇಕಿತ್ತು.

ಇದೆಲ್ಲ ಅಕ್ಕನಿಗೆ ಗೊತ್ತಿತ್ತು. ಉಸಿರಾಡಲು ಒದ್ದಾಡುತ್ತಿದ್ದಾಗಲೂ ಈ ಯೋಚನೆ ಮಾಡಿದಳಲ್ಲ ಅಂತ ಅವಳ ಮೇಲೆ ಕೋಪ ಬಂತು. ಸತ್ತವಳ ಮೇಲೆ ಎಂಥ ಕೋಪ ಅಂದುಕೊಳ್ಳಬೇಡಿ, ನಿಜವಾಗಿಯೂ ಬಂತು. ಆ ಬೀರುವಿನಂಥ ಬಚ್ಚಲಲ್ಲಿ ನಿಂತು ಸೂತಕದ ಸ್ನಾನಕ್ಕೆ ತಲೆಗೆ ತಣ್ಣೀರು ಸುರಿದುಕೊಂಡೆ. ಮೊಣಕೈ ಗೋಡೆಗೆ ಬಡಿಯುತ್ತಿತ್ತು. ಹೊರಗೆ ಯಾರೋ ಪ್ರವಾಸಿಗರು ನಮ್ಮ ಗಾಡಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು.

"ತಿರುಗಿಸ್ಲಾ?" ಅಂದರು ಯಜಮಾನರು.

ಈ ಘಟ್ಟದಿಂದ ಮೈಸೂರಿಗೆ ಈ ಗಾಡಿಯಲ್ಲಿ ಸಂಜೆಯೊಳಗೆ ಮುಟ್ಟುವುದು ಆಗದ ಮಾತು. ನಾನು ಮದುವೆಗೆ ಬರಲಿಲ್ಲವೆಂದರೆ ಅಣ್ಣ ಬಿಡುತ್ತಾನೆಯೇ? ಯಾಕೆ ಅಂತ ಕೇಳಿಯೇ ಕೇಳುತ್ತಾನೆ. ಹಿಂದೆ ಹೋಗುವಂತಿಲ್ಲ, ಮುಂದೆ ಹೋಗಲು ಮನಸ್ಸಿಲ್ಲ. "ನಡೀರಿ," ಅಂದೆ.

ಮಧ್ಯಾಹ್ನ ಕೊಚ್ಚಿಯಲ್ಲಿ ಅಣ್ಣನ ಹೊಸ ಬೀಗರ ಮನೆಗೆ ಊಟಕ್ಕೆ ಬರುತ್ತೇವೆಂದು ಮೊದಲೇ ಒಪ್ಪಿಕೊಂಡಿದ್ದೆವು. ಕಾಸರಗೋಡಿನ ಕಡೆಯವರು, ಮಟ್ಟಾಂಚೇರಿಯಲ್ಲಿ ತಲೆಮಾರಿನಿಂದ ಮೆಣಸು, ಶುಂಠಿಯ ವ್ಯಾಪಾರ. ಗಾಡಿ ಅವರ ಓಣಿಗೆ ಹೋಗುವುದಿಲ್ಲ ಅನ್ನುವುದೇ ನನಗೆ ನೆಪವಾಯಿತು. ಬೋಟ್ ಜೆಟ್ಟಿಯ ಹತ್ತಿರ ನಿಲ್ಲಿಸಿ, ಇಳಿಯುವುದಿಲ್ಲ, ಹೊತ್ತಾಗಿದೆ ಅಂತ ಫೋನ್ ಮಾಡಿದೆ. ಸೂತಕದ ಕಾಲಿಟ್ಟು ಮದುಮಗನ ಮನೆ ಹೊಗುವುದೆಂದರೆ! ಆದರೆ ಬೀಗಿತ್ತಿ ಬಿಸಿಲಲ್ಲೇ ಓಡಿ ಬಂದರು.

"ಎಂತ ಇದು, ಊಟ ಮಾಡದೆ ಹೋಗುವುದುಂಟಾ? ಮುಖ ಯಾಕೆ ಹೀಗೆ ಬಾಡಿದೆ? ಘಟ್ಟದಲ್ಲಿ ವಾಂತಿಯಾ?"

ಹೌದು ಅಂದೆ. ಬೇರೇನು ಹೇಳಲಿ? ಆ ಪುಣ್ಯಾತ್ಗಿತ್ತಿ ಓಡಿಹೋಗಿ ಲಿಂಬೆಹುಳಿ ಪಾನಕ ಮಾಡಿ ತಂದರು. "ದೊಡ್ಡವರು ಬರ್ಲಿಲ್ವಾ? ಅವರನ್ನು ನೋಡ್ಬೇಕು ಅಂತ ಇತ್ತು ನನಗೆ. ಮೊನ್ನೆ ಫೋನಲ್ಲಿ ಎಷ್ಟು ಚಂದ ಮಾತಾಡಿದ್ರು," ಅಂದರು. ಜ್ವರ ಅಂದೆ, ಪಾನಕದ ಲೋಟ ಕೆಳಗಿಟ್ಟೆ.

ಅವರು ಅತ್ತ ಹೋದ ಮೇಲೆ ಯಜಮಾನರು ಸ್ಟೀರಿಂಗ್ ಹಿಂದೆ ಕೂತರು. ಗಾಡಿ ಹೊರಡಿಸಲಿಲ್ಲ. "ನೋಡು, ನಿಮ್ಮಣ್ಣನಿಗೆ ಈಗ ಹೇಳಿದ್ರೆ ವಿಮಾನ ಹಿಡಿದು ಹೇಗಾದ್ರೂ ಹೋಗಿ ಸೇರ್ತಾನೆ. ಮಗನಿಗೆ ಸ್ವಲ್ಪ ಕಾಯೋಕೆ ಹೇಳೋಣ. ಸಾಕಿದ ಅಕ್ಕ. ಮುಖ ನೋಡೋ ಹಕ್ಕಿಲ್ವಾ ಅವನಿಗೆ? ಬೆಂಕಿ ಇಡ್ಬೇಕಾದವನೇ ಅವನು."

"ಮದುವೆ ನಿಂತ್ರೆ? ಆ ಹುಡುಗಿ ಗತಿ?"

"ಅದು ಅವನು ತೀರ್ಮಾನ ಮಾಡ್ಲಿ. ನೀನ್ಯಾರು, ನಾನ್ಯಾರು?"

ನ್ಯಾಯವಾದ ಮಾತೇ. ಆದರೆ ಅಕ್ಕ ಬೇಡವೆಂದು ಹೇಳಿ ಸತ್ತಿದ್ದಳು. ಯಾರ ಮಾತು ಮೀರಲಿ? ಸಿಟ್ಟಿನಲ್ಲೇ ಅಣ್ಣನಿಗೆ ಫೋನ್ ಮಾಡಿದೆ. ಹೇಳಿಬಿಡೋಣ, ಆದದ್ದಾಗಲಿ ಅಂತ.

"ಎಲ್ಲಿದ್ದೀಯೇ ಪುಟ್ಟಿ? ಬೇಗ ಬಾ!" ಅಂದ, ನಾನು ಬಾಯಿ ತೆರೆಯುವ ಮುಂಚೆಯೇ. "ಇಲ್ಲಿ ಒಬ್ಬನಿಗೂ ನಮ್ಮ ಕಡೆ ಹಾಗೆ ತೋರಣ ಕಟ್ಟೋಕೆ ಬರಲ್ಲ. ಮಾವಿನಸೊಪ್ಪು ಹಿಡ್ಕೊಂಡು ಏಣಿ ಮೇಲೆ ನಿಂತಿದ್ದೀನಿ ನೋಡು, ಈ ವಯಸ್ಸಲ್ಲಿ!" ಕೆಳಗೆ ಯಾರೋ ಮಲಯಾಳದಲ್ಲಿ ನಕ್ಕು ಏನೋ ಅಂದರು. ಅವನೂ ನಕ್ಕ.

ಏಣಿಯ ಮೇಲೆ ನಿಂತು ನಗುತ್ತಿರುವವನಿಗೆ ಏನು ಹೇಳಲಿ? "ಹುಷಾರಾಗಿ ಇಳಿ," ಅಂದೆ. ಫೋನ್ ಇಟ್ಟೆ. ಯಜಮಾನರು ನನ್ನ ಮುಖ ನೋಡಿ ಗಾಡಿ ಹೊರಡಿಸಿದರು.

ಸಂಜೆ ಕೊಲ್ಲಂ ಹತ್ತಿರ ಮಗನ ಮೆಸೇಜು ಬಂತು. "ಆಯ್ತಮ್ಮ." ಇನ್ನು ಹೇಳಿದರೂ ಅಣ್ಣನಿಗೆ ಅಕ್ಕ ಸಿಗುವಂತಿರಲಿಲ್ಲ.

ಅಣ್ಣನ ಮನೆ ತಿರುವನಂತಪುರದ ಹೊರಗೆ, ತುಂಬಾ ಎಂಬ ಊರಿನ ಕಡೆಗೆ. ಬಾಹ್ಯಾಕಾಶ ಕೇಂದ್ರದಲ್ಲಿ ಕೆಲಸಕ್ಕೆಂದು ಹೋದವನು ನಿವೃತ್ತನಾದ ಮೇಲೂ ಅಲ್ಲೇ ಉಳಿದ. ನಾವು ಇಳಿಯುತ್ತಿದ್ದ ಹಾಗೆ ಅವನು ಕ್ಯಾರವಾನಿನೊಳಗೆ ಬಗ್ಗಿ ನೋಡಿದ. ಅಕ್ಕ ಅದರಲ್ಲಿ ಬರುವುದಿಲ್ಲವೆಂದು ಗೊತ್ತಿದ್ದೂ ನೋಡಿದ. "ಜ್ವರ ಹೇಗಿದೆಯಂತೆ? ಎರಡು ದಿನದಿಂದ ಫೋನೇ ಎತ್ತುತ್ತಿಲ್ಲ."

"ಮಾತ್ರೆ ಕೊಟ್ಟಿದ್ದಾರೆ. ಮಲಗಿರ್ತಾಳೆ."

ಅವನು ಅಲ್ಲೇ ನಿಂತು ವಿಡಿಯೊ ಕಾಲ್ ಹಚ್ಚಿದ. ಫೋನಿನಲ್ಲಿ ಅವನ ಮುಖವೇ ಕಾಣುತ್ತಿತ್ತು, ಉತ್ಸಾಹದ ಮುಖ, ಕೆನ್ನೆಗೆ ಸುಣ್ಣ ಅಂಟಿತ್ತು. ಅತ್ತ ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಕೊನೆಗೆ ವಾಯ್ಸ್ ಮೆಸೇಜ್ ಒತ್ತಿ, "ಅಕ್ಕಾ, ನಾಳೆ ನಾಂದಿಗೆ ಕೂರೋ ಮುಂಚೆ ಒಂದೇ ಸಲ ಮುಖ ತೋರಿಸು. ನಿನ್ನ ಕೇಳದೆ ನಾನು ಯಾವತ್ತು ಏನು ಮಾಡಿದ್ದೀನಿ?" ಅಂದ. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಮದುಮಗಳು ಬಂದು ನನ್ನ ತೋಳು ಹಿಡಿದಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಡುವ ಹುಡುಗಿ. "ಎಂದು ಪಟ್ಟಿ ಅತ್ತೆ, ಸುಖಮಿಲ್ಲೇ?" ಅಂದಳು, ಏನಾಯಿತು, ಹುಷಾರಿಲ್ಲವಾ ಅಂತ. ಸುಖವಿಲ್ಲ ಅಂದೆ, ಕೈ ಬಿಡಿಸಿಕೊಂಡೆ. ಬೆನ್ನುನೋವಿನ ನೆಪ ಹೇಳಿ ಕ್ಯಾರವಾನಿನಲ್ಲೇ ಮಲಗಿದೆ.

ಬೆಳಗ್ಗೆ ಅತ್ತಿಗೆ ಕೂಗತೊಡಗಿದರು. ನಾಂದಿಗೆ ಮುಂಚೆ ಮದುಮಗಳಿಗೆ ಮೊದಲು ಅರಿಶಿನ ಹಚ್ಚಬೇಕಾದವಳು ಸೋದರತ್ತೆ. ಅಕ್ಕ ಇಲ್ಲವಾದ್ದರಿಂದ ಉಳಿದವಳು ನಾನೊಬ್ಬಳೇ. ಬರುತ್ತೇನೆ ಅಂದೆ, ಹೋಗಲಿಲ್ಲ. ಮತ್ತೆ ಕೂಗಿದರು. ನೀವೇ ಹಚ್ಚಿ ಅಂದೆ. "ಅದೇನು ಮುನಿಸೋ ಇವಳಿಗೆ," ಅಂತ ಅತ್ತಿಗೆ ಗೊಣಗುವುದು ಕೇಳಿಸಿತು. ಮುನಿಸಿಕೊಂಡವಳೆಂದೇ ಅಂದುಕೊಳ್ಳಲಿ.

ಆಗ ಅಣ್ಣ ಬಂದ. ಮಡಿ ಪಂಚೆ ಉಟ್ಟಿದ್ದ. ಕ್ಯಾರವಾನಿನ ಬಾಗಿಲಲ್ಲಿ ನಿಂತು, ಒದ್ದೆಯಾಗಿದ್ದ ನನ್ನ ತಲೆಗೂದಲನ್ನೂ ಹೂವಿಲ್ಲದ ಮುಡಿಯನ್ನೂ ನೋಡಿದ. ಬಹಳ ಹೊತ್ತು ನೋಡಿದ.

"ಅಣ್ಣಾ," ಅಂದೆ.

"ಬೇಡ." ಕೈ ಅಡ್ಡ ಹಿಡಿದ. "ಏನೂ ಹೇಳ್ಬೇಡ. ನೀನು ಏನೂ ಹೇಳಿಲ್ಲ, ನಾನು ಏನೂ ಕೇಳಿಲ್ಲ. ಬಾ, ಮಗುಗೆ ಅರಿಶಿನ ಹಚ್ಚು."

"ನಾನು ಮುಟ್ಟಬಾರದು ಕಣೋ."

"ನೀನು ಮುಟ್ಟಬಾರದು ಅಂದ್ರೆ ಇನ್ಯಾರು ಮುಟ್ಟಬೇಕೇ? ಇನ್ಯಾರಿದ್ದಾರೆ ನಮಗೆ?" ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು, ನನಗಾಗಿ ಕಾಯದೆ ಒಳಗೆ ಹೋದ.

ಹೋಗಿ ಹಚ್ಚಿದೆ. ಅರಿಶಿನ ಹುಡುಗಿಯ ಕಿವಿಗೆಲ್ಲ ಮೆತ್ತಿತು. ಅಣ್ಣ ಅತ್ತಿಗೆಯ ಪಕ್ಕದಲ್ಲಿ ಮಣೆಯ ಮೇಲೆ ಕೂತ. ನಾಂದಿಯಲ್ಲಿ ತೀರಿಕೊಂಡ ಹಿರಿಯರನ್ನು ಹೆಸರು ಹಿಡಿದು ಮದುವೆಗೆ ಕರೆಯುತ್ತಾರೆ. ಪುರೋಹಿತರು ಊರಿಗೆ ಹೊಸಬರು, ನಮ್ಮ ಮನೆತನ ಅವರಿಗೆ ತಿಳಿಯದು. ತಂದೆಯ ಹೆಸರು ಕೇಳಿದರು, ಅಣ್ಣ ಹೇಳಿದ. ತಾತನ ಹೆಸರು, ಮುತ್ತಾತನ ಹೆಸರು ಕೇಳಿದರು, ಹೇಳಿದ. "ತಾಯಿಯ ಹೆಸರು?" ಅಂದರು.

ಅಣ್ಣ ತಲೆ ಎತ್ತಲಿಲ್ಲ. ಅಕ್ಕನ ಹೆಸರು ಹೇಳಿದ. ಅತ್ತಿಗೆ ಬೆಚ್ಚಿ ಅವನ ಕಡೆ ತಿರುಗಿದರು. ಪುರೋಹಿತರಿಗೆ ಏನು ಗೊತ್ತು, ಅದೇ ಹೆಸರನ್ನು ಮಂತ್ರಕ್ಕೆ ಸೇರಿಸಿ ಅವನ ಕೈಯಿಂದ ಅಕ್ಷತೆ ಹಾಕಿಸಿದರು.